ಜೈವಿಕ ವಸ್ತುಗಳಿಂದ ಔಷಧ ಬಿಡುಗಡೆ: ನೇರಳಾತೀತ–ಗೋಚರ ರೋಹಿತಮಾಪನ

ಗಾಯದ ಮೇಲೆ ಹಾಸುವ ಕೊಲಾಜೆನ್ ಹಾಳೆ, ನುಂಗುವ ಆಲ್ಜಿನೇಟ್ ಮಣಿ, ಮೂಳೆಯ ಸಂದಿಗೆ ತುಂಬುವ ಸಿಮೆಂಟು, ರೇಷ್ಮೆ ಪ್ರೋಟೀನಿನ ತೆಳುಪೊರೆ. ದೇಹದೊಂದಿಗೆ ಹೊಂದಿಕೊಂಡು ಕೆಲಸ ಮಾಡಬಲ್ಲ ಇಂಥ ಪದಾರ್ಥಗಳಿಗೆ ಜೈವಿಕ ವಸ್ತುಗಳು ಎಂದು ಹೆಸರು. ಇವುಗಳೊಳಗೆ ಔಷಧ ಸೇರಿಸಿಟ್ಟರೆ ಅದು ಒಮ್ಮೆಗೇ ಸುರಿದುಹೋಗದೆ ಗಂಟೆಗಟ್ಟಲೆ, ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನಿಧಾನವಾಗಿ ಹೊರಬರುತ್ತದೆ. ಎಷ್ಟು ಹೊತ್ತಿಗೆ ಎಷ್ಟು ಹೊರಬಂತು ಎಂದು ತಿಳಿಯಲು ಪ್ರಯೋಗಾಲಯದವರು ಮೊದಲು ಕೈಹಾಕುವುದು ನೇರಳಾತೀತ–ಗೋಚರ ಸ್ಪೆಕ್ಟ್ರೋಫೋಟೋಮೀಟರಿಗೆ. ಔಷಧ ಕರಗಿದ ದ್ರವದ ಮೂಲಕ ಆಯ್ದ ಒಂದು ತರಂಗಾಂತರದ ಬೆಳಕನ್ನು ಹಾಯಿಸಿ, ಎಷ್ಟು ಬೆಳಕು ನುಂಗಿಹೋಯಿತು ಎಂಬುದರಿಂದ ಔಷಧದ ಪ್ರಮಾಣವನ್ನು ಲೆಕ್ಕಹಾಕುವ ಉಪಕರಣ ಇದು. ಔಷಧ ವಿಜ್ಞಾನದ ಕಾಲೇಜುಗಳಲ್ಲಿ ಹುಡುಗರು ಬಾಯಿತುಂಬ 'ಯುವಿ' ಎಂದಷ್ಟೇ ಕರೆಯುತ್ತಾರೆ.

ಉಪಕರಣ ಸರಳ. ಅದು ಕೊಡುವ ಅಂಕಿಯನ್ನು ನಂಬಲರ್ಹವಾಗಿ ಮಾಡುವ ಕೆಲಸ ಸರಳವಲ್ಲ. ಯಂತ್ರಕ್ಕೆ ಔಷಧ ಯಾವುದು, ಔಷಧವನ್ನು ಹೊತ್ತ ವಸ್ತು ಯಾವುದು ಎಂಬ ಭೇದ ಗೊತ್ತಿಲ್ಲ. ಬೆಳಕು ಕಡಿಮೆಯಾಯಿತೇ ಇಲ್ಲವೇ ಎಂಬುದೊಂದೇ ಅದಕ್ಕೆ ಗೊತ್ತು. ಹಾಗಾಗಿ ಈ ವಿಧಾನದ ಚರ್ಚೆಯಲ್ಲಿ ಔಷಧ ತುಂಬಿದ ಮಣಿಗೆ ಎಷ್ಟು ಜಾಗವೋ ಔಷಧವೇ ಇಲ್ಲದ ಖಾಲಿ ಮಣಿಗೂ ಅಷ್ಟೇ ಜಾಗ ಸಲ್ಲಬೇಕು.

ಬೆಳಕು ನುಂಗುವ ಲೆಕ್ಕ

ಸುಮಾರು 200ರಿಂದ 400 ನ್ಯಾನೋಮೀಟರ್ ನೇರಳಾತೀತ, 400ರಿಂದ 800 ಗೋಚರ. ಬೆಂಜೀನ್ ಉಂಗುರ ಇರುವ ಅಥವಾ ಒಂದು ಬಿಟ್ಟು ಒಂದರಂತೆ ಜೋಡಿಬಂಧಗಳ ಸಾಲು ಇರುವ ಅಣುಗಳು ಈ ವ್ಯಾಪ್ತಿಯ ಬೆಳಕನ್ನು ಹೀರುತ್ತವೆ. ಆಗ ಅವುಗಳ ಎಲೆಕ್ಟ್ರಾನುಗಳು ಮೇಲಿನ ಶಕ್ತಿಮಟ್ಟಕ್ಕೆ ಜಿಗಿಯುತ್ತವೆ. ಔಷಧಗಳಲ್ಲಿ ಬಹಳಷ್ಟಕ್ಕೆ ಇಂಥ ರಚನೆ ಇರುವುದೇ ಈ ವಿಧಾನದ ಬಂಡವಾಳ. ಡೈಕ್ಲೋಫೆನಾಕ್ ಸುಮಾರು 276 ನ್ಯಾನೋಮೀಟರಿನಲ್ಲಿ, ಡಾಕ್ಸೋರುಬಿಸಿನ್ ಕಣ್ಣಿಗೆ ಕಾಣುವ 480ರ ಆಸುಪಾಸಿನಲ್ಲಿ ಬೆಳಕನ್ನು ಚೆನ್ನಾಗಿ ಹೀರುತ್ತವೆ. ಡಾಕ್ಸೋರುಬಿಸಿನ್ ದ್ರಾವಣ ಕೆಂಪಾಗಿ ಕಾಣುವುದು ಅದಕ್ಕೇ.

ಹೀರಿಕೆಯ ನಿಯಮಕ್ಕೆ ಮೂವರ ಕೈ ಸೇರಿದೆ. 1729ರಲ್ಲಿ ಬೂಗೇ, 1760ರಲ್ಲಿ ಲ್ಯಾಂಬರ್ಟ್ ದಪ್ಪಕ್ಕೂ ಬೆಳಕಿನ ಇಳಿಕೆಗೂ ಇರುವ ಸಂಬಂಧ ತೋರಿಸಿದರು. 1852ರಲ್ಲಿ ಬೇರ್ ಅದಕ್ಕೆ ಸಾಂದ್ರತೆಯನ್ನು ಸೇರಿಸಿದರು. ಹತ್ತರಲ್ಲಿ ಒಂದು ಪಾಲು ಬೆಳಕು ದಾಟಿ ಬಂದರೆ ಹೀರಿಕೆ 1. ನೂರರಲ್ಲಿ ಒಂದು ಪಾಲು ಬಂದರೆ 2. ಒಂದು ಸೆಂಟಿಮೀಟರ್ ಅಗಲದ ಕುವೆಟ್ಟಿನಲ್ಲಿ (ಓದಬೇಕಾದ ದ್ರವ ತುಂಬುವ ಪುಟ್ಟ ಪಾತ್ರೆ) ತೆಳು ದ್ರಾವಣ ಇರುವ ತನಕ ಸಾಂದ್ರತೆ ಇಮ್ಮಡಿಯಾದರೆ ಹೀರಿಕೆಯೂ ಇಮ್ಮಡಿ. ದ್ರಾವಣ ಗಟ್ಟಿಯಾದಂತೆ, ಹೀರಿಕೆ 2ರ ಹತ್ತಿರ ಹೋದಂತೆ, ಯಂತ್ರದೊಳಗಿನ ದಾರಿತಪ್ಪಿದ ಬೆಳಕೂ ಲೆಕ್ಕಕ್ಕೆ ಸೇರಿಕೊಂಡು ಅಂಕಿ ಜಾರುತ್ತದೆ. ಆದ್ದರಿಂದ 0.2ರಿಂದ 0.8ರ ನಡುವೆ ಓದು ಬರುವ ಹಾಗೆ ದ್ರಾವಣವನ್ನು ತೆಳುಮಾಡಿಕೊಳ್ಳುವುದು ವಾಡಿಕೆ. ಈ ಅಳತೆಯನ್ನು ದಿನಬಳಕೆಗೆ ತಂದದ್ದು 1941ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಬೆಕ್‌ಮನ್ ಡಿಯು ಯಂತ್ರ. ಅದರೊಳಗೆ ಕ್ವಾರ್ಟ್ಸ್ ಪಟ್ಟಕ ಇತ್ತು. ಇವತ್ತಿಗೂ ನೇರಳಾತೀತ ಓದಿಗೆ ಕ್ವಾರ್ಟ್ಸ್ ಕುವೆಟ್ಟೇ ಬೇಕು. ಸಾದಾ ಗಾಜು ಆ ಬೆಳಕನ್ನು ತಾನೇ ನುಂಗಿಬಿಡುತ್ತದೆ.

ಒಂದು ಲೆಕ್ಕ ಮಾಡಿ ನೋಡಿದರೆ ವಿಷಯ ಕೈಗೆ ಹತ್ತುತ್ತದೆ. ಪ್ಯಾರಸಿಟಮಾಲನ್ನು ತೆಳು ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ 257 ನ್ಯಾನೋಮೀಟರಿನಲ್ಲಿ ಓದುವುದು ಭಾರತೀಯ ಔಷಧಕೋಶದ ಹಳೆಯ ಪಾಠ. 100 ಮಿಲಿಲೀಟರಿನಲ್ಲಿ ಒಂದು ಗ್ರಾಂ ಇದ್ದರೆ ಹೀರಿಕೆ 715 ಎಂದು ಹಿಡಿಯಬೇಕು. ಅಷ್ಟು ಗಟ್ಟಿ ದ್ರಾವಣವನ್ನು ಯಾರೂ ಓದುವುದಿಲ್ಲ, ಅದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡ ಸಂಖ್ಯೆ. ಈಗ 5 ಮಿಲಿಗ್ರಾಂ ಔಷಧ ಹೊತ್ತ ಮಣಿಗಳನ್ನು 50 ಮಿಲಿಲೀಟರ್ ದ್ರವದಲ್ಲಿ ಇಟ್ಟಿದ್ದೇವೆ ಎನ್ನೋಣ. ಒಂದು ಗಂಟೆ ಕಳೆದ ಮೇಲೆ 2 ಮಿಲಿಲೀಟರ್ ತೆಗೆದು, ಸೋಡಾ ದ್ರಾವಣದಿಂದ 10 ಮಿಲಿಲೀಟರಿಗೆ ತುಂಬಿ ಓದಿದಾಗ 0.429 ಬಂತು. 0.429ನ್ನು 715ರಿಂದ ಭಾಗಿಸಿದರೆ 100 ಮಿಲಿಲೀಟರಿಗೆ 0.0006 ಗ್ರಾಂ, ಅಂದರೆ ಮಿಲಿಲೀಟರಿಗೆ 6 ಮೈಕ್ರೋಗ್ರಾಂ. ಐದು ಪಟ್ಟು ತೆಳುಮಾಡಿದ್ದೆವು. ಮೂಲ ದ್ರವದಲ್ಲಿ 30. ಐವತ್ತು ಮಿಲಿಲೀಟರಿಗೆ 1.5 ಮಿಲಿಗ್ರಾಂ. ಹೊತ್ತದ್ದರಲ್ಲಿ ನೂರಕ್ಕೆ 30 ಭಾಗ ಹೊರಬಂದಿದೆ.

ಮುಂದಿನ ಗಂಟೆಯಲ್ಲಿ ಎಡವುವವರು ಬಹಳ. ಮೊದಲ ಸಲ ತೆಗೆದ 2 ಮಿಲಿಲೀಟರಿನ ಜಾಗಕ್ಕೆ ಹೊಸ ದ್ರವ ಹಾಕಿದ್ದೇವೆ, ಆ 2 ಮಿಲಿಲೀಟರಿನ ಜೊತೆ 60 ಮೈಕ್ರೋಗ್ರಾಂ ಔಷಧವೂ ಪಾತ್ರೆಯಿಂದ ಆಚೆ ಹೋಗಿದೆ. ಎರಡನೇ ಗಂಟೆಗೆ ಪಾತ್ರೆಯಲ್ಲಿ ಮಿಲಿಲೀಟರಿಗೆ 40 ಮೈಕ್ರೋಗ್ರಾಂ ಇದ್ದರೆ ಒಟ್ಟು ಬಿಡುಗಡೆ 2,000 ಅಲ್ಲ, 2,060. ಒಂದೆರಡು ಮಾದರಿಗೆ ಈ ವ್ಯತ್ಯಾಸ ಅಲ್ಪ. ಹದಿನೈದು ಸಲ ಮಾದರಿ ತೆಗೆಯುವ ಪ್ರಯೋಗದಲ್ಲಿ ಇದನ್ನು ಕೂಡಿಸದಿದ್ದರೆ ಬಿಡುಗಡೆಯ ರೇಖೆ ಮೇಲೇರದೆ ನಡುವೆಯೇ ಚಪ್ಪಟೆಯಾಗುತ್ತದೆ, ಓದುಗರು ಔಷಧ ಒಳಗೇ ಸಿಕ್ಕಿಕೊಂಡಿದೆ ಎಂದುಕೊಳ್ಳುತ್ತಾರೆ.

ಧಾರವಾಡದ ಮಣಿಗಳು

ಕರ್ನಾಟಕದಲ್ಲಿ ಈ ವಿದ್ಯೆ ಬೇರುಬಿಟ್ಟ ಜಾಗಗಳಲ್ಲಿ ಮೊದಲು ನೆನಪಾಗಬೇಕಾದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಅಲ್ಲಿ ಪ್ರೊ. ಟಿ. ಎಂ. ಅಮಿನಭಾವಿ ಅವರ ಪಾಲಿಮರ್ ಪ್ರಯೋಗಾಲಯ 1990ರ ದಶಕದ ಕೊನೆಯಿಂದ ಒಂದರ ಹಿಂದೊಂದರಂತೆ ಔಷಧ ಹೊರುವ ಮಣಿ, ಸೂಕ್ಷ್ಮಗೋಳ, ಜೆಲ್‌ಗಳನ್ನು ಮಾಡಿ ಅವುಗಳಿಂದ ಔಷಧ ಹೊರಬರುವ ಪರಿಯನ್ನು ಅಳೆಯಿತು. ಸೊಪ್ಪಿಮಠ, ಕುಲಕರ್ಣಿ ಮತ್ತಿತರರೊಂದಿಗೆ ಅವರು ಜೈವಿಕವಾಗಿ ಕರಗಿಹೋಗುವ ಪಾಲಿಮರ್ ನ್ಯಾನೋಕಣಗಳ ಕುರಿತು 2001ರಲ್ಲಿ 'ಜರ್ನಲ್ ಆಫ್ ಕಂಟ್ರೋಲ್ಡ್ ರಿಲೀಸ್' ಪತ್ರಿಕೆಯಲ್ಲಿ ಬರೆದ ವಿಮರ್ಶಾಲೇಖನ, ಅಗ್ನಿಹೋತ್ರಿ ಮತ್ತು ಮಲ್ಲಿಕಾರ್ಜುನ ಅವರೊಂದಿಗೆ ಕೈಟೋಸಾನ್ ಕಣಗಳ ಬಗ್ಗೆ 2004ರಲ್ಲಿ ಅದೇ ಪತ್ರಿಕೆಗೆ ಬರೆದ ಲೇಖನ, ಎರಡೂ ಜಗತ್ತಿನಾದ್ಯಂತ ಈ ಕ್ಷೇತ್ರಕ್ಕೆ ಕಾಲಿಡುವವರು ಓದುವ ಬರಹಗಳಾದವು.

ಅವರು ಆರಿಸಿಕೊಂಡ ಪದಾರ್ಥಗಳನ್ನು ನೋಡಿದರೆ ನನಗೆ ಆಪ್ತವೆನಿಸುತ್ತದೆ. ಗ್ವಾರ್ ಅಂಟು ಅವುಗಳಲ್ಲೊಂದು. ಹೆಸರು ಪರದೇಶದ್ದಾಗಿ ಕೇಳಿಸಿದರೂ ಅದು ಧಾರವಾಡದ ಕಡೆಯ ಚವಳಿಕಾಯಿ, ಮೈಸೂರು ಸೀಮೆಯ ಗೋರಿಕಾಯಿ, ತಮಿಳುನಾಡಿನ ತೇನಿ–ಕಂಬಂ ಕಣಿವೆಯ ಸಂತೆಯಲ್ಲಿ ಕೊತ್ತವರಂಗಾಯಿ ಎಂದು ಮಾರುವ ಅದೇ ಕಾಯಿಯ ಬೀಜದಿಂದ ಬರುತ್ತದೆ. ಈ ಅಂಟನ್ನು ಪಾಲಿವಿನೈಲ್ ಆಲ್ಕೊಹಾಲಿನ ಜೊತೆ ಹೆಣೆದು ಮಾಡಿದ ಸೂಕ್ಷ್ಮಗೋಳಗಳಲ್ಲಿ ರಕ್ತದೊತ್ತಡದ ಔಷಧ ನಿಫೆಡಿಪಿನ್ ತುಂಬಿ ಅಳೆದ ಫಲಿತಾಂಶ 2000ನೇ ಇಸವಿಯಲ್ಲಿ ಪ್ರಕಟವಾಯಿತು. ಅದೇ ವರ್ಷ, ಬೇವಿನ ಬೀಜದ ಎಣ್ಣೆಯನ್ನು ಆಲ್ಜಿನೇಟ್ ಮಣಿಗಳಲ್ಲಿ ಹಿಡಿದಿಟ್ಟು ಹೊಲದ ಮಣ್ಣಿಗೆ ನಿಧಾನವಾಗಿ ಬಿಡಿಸುವ ಕೆಲಸವೂ ಬಂತು. ಮರುವರ್ಷ ಸೆಫಾಡ್ರಾಕ್ಸಿಲ್ ಎಂಬ ಜೀವಿರೋಧಕ ತುಂಬಿದ ಆಲ್ಜಿನೇಟ್ ಮಣಿಗಳು. ಮನುಷ್ಯನ ಕರುಳಿಗೂ ಹೊಲದ ಸಾಲಿಗೂ ಒಂದೇ ತತ್ತ್ವ: ಒಳಗಿನದು ಬೇಕಾದಾಗ, ಬೇಕಾದಷ್ಟೇ ಹೊರಬರಬೇಕು.

ಮಣಿ ಮಾಡುವುದನ್ನು ಹತ್ತಿರದಿಂದ ನೋಡಬೇಕು. ಸೋಡಿಯಂ ಆಲ್ಜಿನೇಟನ್ನು ನೀರಿನಲ್ಲಿ ಕಲಸಿದರೆ ಅಂಬಲಿಯಷ್ಟು ಗಟ್ಟಿಯಾದ, ತುಸು ಹಳದಿ ಛಾಯೆಯ ದ್ರವ. ಅದರಲ್ಲಿ ಔಷಧ ಬೆರೆಸಿ ಸಿರಿಂಜಿಗೆ ತುಂಬಿ, ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದ ಮೇಲಿಂದ ಹನಿಹನಿಯಾಗಿ ಬಿಡುತ್ತಾರೆ. ಹನಿ ಸೂಜಿಯ ತುದಿಯಲ್ಲಿ ತೂಗಿ, ಕಳಚಿ ಬಿದ್ದು, ದ್ರಾವಣ ಮುಟ್ಟಿದೊಡನೆ ಹೊರಮೈ ಬಿಗಿದು ಮೀನಿನ ಕಣ್ಣಿನಂಥ ಮಣಿಯಾಗುತ್ತದೆ. ತೀರಾ ಎತ್ತರದಿಂದ ಬಿಟ್ಟರೆ ಚಪ್ಪಟೆಯಾಗುತ್ತದೆ, ತೀರಾ ಕೆಳಗಿನಿಂದ ಬಿಟ್ಟರೆ ಬಾಲ. ಸರಿಯಾದ ಎತ್ತರ ಕೈಗೆ ಕೂರುವ ತನಕ ಮಾಡಿದ ಮಣಿಗಳೆಲ್ಲ ಎಸೆಯುವ ಮಣಿಗಳೇ. ಇಲ್ಲೇ ಇನ್ನೊಂದು ಸೋರಿಕೆಯೂ ಇದೆ. ನೀರಿನಲ್ಲಿ ಸುಲಭವಾಗಿ ಕರಗುವ ಔಷಧವಾದರೆ ಮಣಿ ಗಟ್ಟಿಯಾಗುವ ಹೊತ್ತಿಗೇ ಅದರ ಒಂದು ಪಾಲು ಕ್ಯಾಲ್ಸಿಯಂ ದ್ರಾವಣಕ್ಕೆ ಇಳಿದುಹೋಗಿರುತ್ತದೆ. ಹಾಕಿದ ಔಷಧವನ್ನೇ 'ತುಂಬಿದ ಔಷಧ' ಎಂದು ಬರೆದುಕೊಂಡರೆ ಮುಂದಿನ ಶೇಕಡಾ ಲೆಕ್ಕವೆಲ್ಲ ಸುಳ್ಳು. ಆದ್ದರಿಂದ ತಿಳಿದವರು ಮೊದಲು ಕೆಲವು ಮಣಿಗಳನ್ನು ಸೋಡಿಯಂ ಸಿಟ್ರೇಟಿನಲ್ಲಿ ಪೂರ್ತಿ ಕರಗಿಸಿ (ಸಿಟ್ರೇಟ್ ಮಣಿಯ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ, ಮಣಿ ಬಿಚ್ಚಿಹೋಗುತ್ತದೆ) ಒಳಗೆ ನಿಜವಾಗಿ ಎಷ್ಟಿದೆ ಎಂದು ಓದಿಕೊಳ್ಳುತ್ತಾರೆ.

ನಿಫೆಡಿಪಿನ್‌ಗೆ ಬೆಳಕೆಂದರೆ ಆಗದು. ಕಿಟಕಿಯ ಬಿಸಿಲಿಗೆ ಇಟ್ಟರೂ ಅದರ ಅಣು ಮುರಿದು ಬೇರೆಯೇ ಪದಾರ್ಥವಾಗುತ್ತದೆ, ಹೀರಿಕೆಯ ರೋಹಿತವೂ ಬದಲಾಗುತ್ತದೆ. ಬೆಳಕಿನಿಂದ ಅಳೆಯಬೇಕಾದ ಔಷಧವನ್ನು ಬೆಳಕಿನಿಂದ ಕಾಪಾಡಿಕೊಂಡೇ ಅಳೆಯಬೇಕು: ಕಂದು ಬಾಟಲಿ, ಮಬ್ಬು ದೀಪ, ಮಾದರಿ ತೆಗೆದ ಕೂಡಲೇ ಓದು.

ಪಾತ್ರೆಯ ಒಳಗೆ

ಬಿಡುಗಡೆ ಪ್ರಯೋಗ 37 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ನಡೆಯುತ್ತದೆ. ಜಠರಕ್ಕೆ ಪಿಎಚ್ 1.2, ಕರುಳಿಗೆ 6.8, ರಕ್ತ ಮತ್ತು ಅಂಗಾಂಶಗಳಿಗೆ 7.4 ಎಂದು ದ್ರವ ಹೊಂದಿಸುತ್ತಾರೆ. ಪಾತ್ರೆಯಲ್ಲಿರುವ ದ್ರವ, ಔಷಧವೆಲ್ಲ ಹೊರಬಂದರೆ ಅದನ್ನು ಕರಗಿಸಲು ಬೇಕಾಗುವುದಕ್ಕಿಂತ ಕನಿಷ್ಠ ಮೂರು ಪಟ್ಟು ಇರಬೇಕು. ಇಲ್ಲದಿದ್ದರೆ ದ್ರವ ತುಂಬಿಕೊಂಡು ಹೊರಬರುವ ವೇಗ ಕುಗ್ಗುತ್ತದೆ. ಕುಗ್ಗಿಸಿದ್ದು ಪಾತ್ರೆ, ಹೊಗಳಿಕೆ ಮಾತ್ರ ಜೈವಿಕ ವಸ್ತುವಿಗೆ. ಕರಗುವ ವೇಗಕ್ಕೂ ಸುತ್ತಲಿನ ಸಾಂದ್ರತೆಗೂ ಇರುವ ಈ ನಂಟನ್ನು ನಾಯ್ಸ್ ಮತ್ತು ವಿಟ್ನಿ 1897ರಲ್ಲೇ ಬರೆದಿಟ್ಟಿದ್ದರು.

ದಿನಗಟ್ಟಲೆ ನಡೆಯುವ ಪ್ರಯೋಗಗಳಲ್ಲಿ ದ್ರವ ಆವಿಯಾಗಿ ಉಳಿದದ್ದು ಗಟ್ಟಿಯಾಗುತ್ತದೆ. ಬಾಯಿ ಮುಚ್ಚದ ಪಾತ್ರೆ ಇಲ್ಲದ ಬಿಡುಗಡೆಯನ್ನು ತೋರಿಸುತ್ತದೆ. ಕೊಲಾಜೆನ್, ಜೆಲಾಟಿನ್‌ಗಳ ಸುತ್ತ ಮೂರನೇ ದಿನಕ್ಕೆ ಸೂಕ್ಷ್ಮಜೀವಿಗಳು ಬೆಳೆದು ದ್ರವ ಮಬ್ಬಾಗುತ್ತದೆ; ಅದಕ್ಕೆ ಸೋಡಿಯಂ ಅಜೈಡ್ ಹಾಕಿದರೆ ಅದು ಔಷಧವಿಲ್ಲದ ಹೋಲಿಕೆಯ ದ್ರವದಲ್ಲೂ, ಅಂದರೆ ಬ್ಲ್ಯಾಂಕಿನಲ್ಲೂ, ಅಷ್ಟೇ ಇರಬೇಕು. ಸೋಸುವ ಪೊರೆ ಕೆಲವು ಔಷಧಗಳನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ, ಹಾಗಾಗಿ ಸೋಸಿದ ಮೊದಲ ಹನಿಗಳನ್ನು ಚೆಲ್ಲಿಬಿಡುವುದು ರೂಢಿ. ಕುವೆಟ್ಟನ್ನು ಉಜ್ಜಿ ಮಬ್ಬಾಗಿಸಿದ ಬದಿಗಳಲ್ಲೇ ಹಿಡಿಯಬೇಕು. ಪಾರದರ್ಶಕ ಬದಿಗೆ ಹೆಬ್ಬೆರಳು ತಾಗಿದರೆ ಆ ಎಣ್ಣೆಯ ಗುರುತು 0.02 ಆಗಿಯೋ 0.05 ಆಗಿಯೋ ಓದಿನಲ್ಲಿ ಕೂರುತ್ತದೆ. ಔಷಧ ಆಗಷ್ಟೇ ಹೊರಬರಲು ಶುರುವಾದ ಮೊದಲ ಮಾದರಿಯಲ್ಲಿ ಅದು ಔಷಧಕ್ಕಿಂತ ದೊಡ್ಡ ಅಂಕಿಯಾದೀತು.

ಖಾಲಿ ಮಣಿ

ಬಫರ್ ದ್ರಾವಣವೊಂದನ್ನೇ ಕುವೆಟ್ಟಿಗೆ ತುಂಬಿ ಯಂತ್ರವನ್ನು ಸೊನ್ನೆಗೆ ತರುವುದು ಎಲ್ಲರಿಗೂ ಗೊತ್ತು. ಜೈವಿಕ ವಸ್ತುಗಳ ವಿಷಯದಲ್ಲಿ ಅದು ಸಾಲದು. ಔಷಧ ಹಾಕದೆ, ಉಳಿದೆಲ್ಲವನ್ನೂ ಅದೇ ರೀತಿ ಮಾಡಿದ ಮಣಿಗಳನ್ನು ಅದೇ ಪ್ರಮಾಣದಲ್ಲಿ, ಅದೇ ಉಷ್ಣತೆಯಲ್ಲಿ, ಅಷ್ಟೇ ಹೊತ್ತು ಇನ್ನೊಂದು ಪಾತ್ರೆಯಲ್ಲಿ ಇಟ್ಟು, ಪ್ರತಿ ಗಂಟೆಯ ಓದಿನಿಂದ ಅದೇ ಗಂಟೆಯ ಖಾಲಿ ಮಣಿಯ ಓದನ್ನು ಕಳೆಯಬೇಕು. ಮಣಿ ಸುಮ್ಮನೆ ಕೂರುವುದಿಲ್ಲ, ಹೊತ್ತು ಕಳೆದಂತೆ ತಾನೂ ಕರಗುತ್ತದೆ, ಒಡೆಯುತ್ತದೆ, ತನ್ನ ಚೂರುಗಳನ್ನು ದ್ರವಕ್ಕೆ ಬಿಡುತ್ತದೆ. ಆರಂಭದಲ್ಲಿ ಒಮ್ಮೆ ಓದಿದ ಬ್ಲ್ಯಾಂಕು ಆರನೇ ಗಂಟೆಗೆ ಉತ್ತರ ಹೇಳಲಾರದು.

ಆಲ್ಜಿನೇಟ್ ಮಣಿಯನ್ನೇ ಫಾಸ್ಫೇಟ್ ಬಫರಿಗೆ ಹಾಕಿ. ಫಾಸ್ಫೇಟ್ ಮಣಿಯ ಕ್ಯಾಲ್ಸಿಯಂ ಸೆಳೆದುಕೊಳ್ಳುತ್ತದೆ, ಮಣಿ ಊದುತ್ತದೆ, ಸಡಿಲವಾಗುತ್ತದೆ, ಬಿಡುಗಡೆಯಾದ ಕ್ಯಾಲ್ಸಿಯಂ ಫಾಸ್ಫೇಟಿನೊಡನೆ ಸೇರಿ ಬಿಳಿಯ ನವಿರು ಹುಡಿಯಾಗಿ ತೇಲುತ್ತದೆ. ಆ ಹುಡಿ ಬೆಳಕನ್ನು ಹೀರುವುದಿಲ್ಲ, ಚದುರಿಸುತ್ತದೆ. ಯಂತ್ರದ ಪಾಲಿಗೆ ಎರಡೂ ಒಂದೇ, ಬೆಳಕು ಕಡಿಮೆ ಬಂತು ಅಷ್ಟೇ. ಅಂಕಿ ಏರುತ್ತದೆ, 'ಔಷಧ ಚೆನ್ನಾಗಿ ಬರುತ್ತಿದೆ' ಎಂದು ಟಿಪ್ಪಣಿ ಪುಸ್ತಕಕ್ಕೆ ಏರುತ್ತದೆ. ಇದನ್ನು ಹಿಡಿಯಲು ಒಂದು ಸುಲಭದ ದಾರಿ ಇದೆ: ಔಷಧ ಬೆಳಕನ್ನು ಹೀರದ ಜಾಗದಲ್ಲಿ, 400 ಅಥವಾ 450 ನ್ಯಾನೋಮೀಟರಿನಲ್ಲಿ, ಒಂದು ಓದು ತೆಗೆಯುವುದು. ಅಲ್ಲಿ ಸೊನ್ನೆಯ ಹತ್ತಿರ ಇಲ್ಲದಿದ್ದರೆ ಸೋಸುವಿಕೆ ಸಾಲದು ಎಂದರ್ಥ. ಒಂದೇ ತರಂಗಾಂತರದ ಅಂಕಿ ಬರೆದುಕೊಂಡು ಹೋಗುವುದಕ್ಕಿಂತ ಪ್ರತಿ ಮಾದರಿಗೂ 200ರಿಂದ 500ರವರೆಗಿನ ಪೂರ್ಣ ರೋಹಿತ ಉಳಿಸಿಕೊಳ್ಳುವುದು ಮೇಲು. ಈಗಿನ ಯಂತ್ರಗಳಿಗೆ ಅದು ಒಂದೆರಡು ನಿಮಿಷದ ಕೆಲಸ. ಸಾಲಸಾಲಾಗಿ ಇಟ್ಟು ನೋಡಿದರೆ ಔಷಧದ ಗುಡ್ಡ ಯಾವುದು, ಮಬ್ಬಿನ ಇಳಿಜಾರು ಯಾವುದು ಎಂದು ಕಣ್ಣಿಗೇ ಕಾಣುತ್ತದೆ.

ಮಣಿಗಳನ್ನು ಗಟ್ಟಿಗೊಳಿಸಲು ಬಳಸುವ ಗ್ಲುಟರಾಲ್ಡಿಹೈಡ್ ಇನ್ನೊಂದು ತೊಡಕು. ಅದು ಸುಮಾರು 280ರಲ್ಲೂ, ಅದರ ಕೂಡಿಕೆಯ ರೂಪ 235ರಲ್ಲೂ ಬೆಳಕು ಹೀರುತ್ತದೆ. ಬಹಳಷ್ಟು ಔಷಧಗಳ ಕೆಲಸವೂ ಆ ಸೀಮೆಯಲ್ಲೇ. ತೊಳೆದ ನೀರಿನಲ್ಲಿ ಆ ಹೀರಿಕೆ ಪೂರ್ತಿ ಅಳಿಯುವ ತನಕ ಮಣಿ ತೊಳೆಯಬೇಕು. ಮೊದಲ ಅರ್ಧ ಗಂಟೆಯಲ್ಲಿ ಕಾಣುವ ದೊಡ್ಡ ಉಕ್ಕು ಎಷ್ಟು ಸಲ ಔಷಧದ್ದು, ಎಷ್ಟು ಸಲ ತೊಳೆಯದೆ ಉಳಿದದ್ದು ಎಂಬ ಪ್ರಶ್ನೆ ಇಂಥ ಪ್ರತಿ ಪ್ರಬಂಧದ ಮುಂದೆ ಇಡಬೇಕಾದದ್ದು.

ಪ್ರೋಟೀನುಗಳಿಂದಾದ ವಸ್ತುಗಳಲ್ಲಿ ತೊಡಕು ಆಳದಲ್ಲಿದೆ. ಟ್ರಿಪ್ಟೊಫ್ಯಾನ್ ಮತ್ತು ಟೈರೊಸಿನ್ ಎಂಬ ಅಮೈನೋ ಆಮ್ಲಗಳು 280 ನ್ಯಾನೋಮೀಟರಿನ ಸುತ್ತ ಬೆಳಕು ಹೀರುತ್ತವೆ. ಕೊಲಾಜೆನ್‌ನಲ್ಲಿ ಟ್ರಿಪ್ಟೊಫ್ಯಾನ್ ಇಲ್ಲ, ಟೈರೊಸಿನ್ ತೀರಾ ಕಡಿಮೆ. ಅದರ ಕಾಟ ಸಹಿಸಿಕೊಳ್ಳಬಹುದು. ರೇಷ್ಮೆಯ ಫೈಬ್ರಾಯಿನ್ ಹಾಗಲ್ಲ, ಅದರ ಅಮೈನೋ ಆಮ್ಲಗಳಲ್ಲಿ ನೂರಕ್ಕೆ ಸುಮಾರು 5 ಟೈರೊಸಿನ್. ರಾಮನಗರದ ಮಾರುಕಟ್ಟೆಗೆ ಬರುವ ಗೂಡಿನಿಂದ ಫೈಬ್ರಾಯಿನ್ ಬಿಡಿಸಿ, ಪೊರೆ ಮಾಡಿ, ಅದರಲ್ಲಿ ವ್ಯಾಂಕೊಮೈಸಿನ್ ತುಂಬಿದರೆ ಎರಡೂ 280ರಲ್ಲೇ ಮಾತಾಡುತ್ತವೆ. ಕರಗಿಬಂದ ರೇಷ್ಮೆ ಎಷ್ಟು, ಔಷಧ ಎಷ್ಟು ಎಂದು ಒಂದು ಅಂಕಿಯಿಂದ ಬಿಡಿಸಲಾಗದು. ಖಾಲಿ ಪೊರೆಯ ಓದು ಕಳೆಯುವುದು ಇಲ್ಲಿ ಕನಿಷ್ಠ ಎಚ್ಚರ. ಖಾಲಿ ಪೊರೆಯೂ ಔಷಧದ ಪೊರೆಯೂ ಒಂದೇ ವೇಗದಲ್ಲಿ ಕರಗುತ್ತವೆ ಎಂಬ ಖಾತರಿ ಇಲ್ಲ. ಇಂಥಲ್ಲಿ ಎರಡನ್ನೂ ಮೊದಲು ಬೇರ್ಪಡಿಸಿ ಆಮೇಲೆ ಓದುವ ಎಚ್‌ಪಿಎಲ್‌ಸಿಗೆ ಹೋಗುವುದೇ ನೇರ ದಾರಿ. ಆ ಯಂತ್ರದ ಬೆಲೆಯೂ ಹೆಚ್ಚು, ದ್ರಾವಕದ ಖರ್ಚೂ ಹೆಚ್ಚು. ಎಲ್ಲ ಮಾದರಿಗಳನ್ನೂ ಅದರಲ್ಲಿ ಓದಲಾಗದಿದ್ದರೆ ಕೆಲವನ್ನಾದರೂ ಓದಿ ಯುವಿಯ ಅಂಕಿಯೊಡನೆ ತಾಳೆ ನೋಡಬೇಕು.

ಅರಿಶಿನದ ಕತೆ ಇದಕ್ಕೆ ತದ್ವಿರುದ್ಧ. ಅದರ ಕರ್ಕ್ಯುಮಿನ್ ಮದ್ಯಸಾರದಲ್ಲಿ ಸುಮಾರು 425 ನ್ಯಾನೋಮೀಟರಿನಲ್ಲಿ ಹಳದಿಯಾಗಿ ಎದ್ದು ಕಾಣುತ್ತದೆ, ಪ್ರೋಟೀನಿನ ಗೊಡವೆಯೇ ಇಲ್ಲದ ಜಾಗ. ಗಾಯಕ್ಕೆ ಅರಿಶಿನ ಹಚ್ಚುವ ನಮ್ಮ ಮನೆಗಳ ರೂಢಿಯೂ ಜೊತೆಗೆ ಸೇರಿ ಕರ್ಕ್ಯುಮಿನ್ ತುಂಬಿದ ಪೊರೆ, ಹತ್ತಿಬಟ್ಟೆ, ಜೆಲ್‌ಗಳ ಮೇಲೆ ಬಹಳ ಕೆಲಸ ನಡೆದಿದೆ. ಆದರೆ 37 ಡಿಗ್ರಿಯ, ಪಿಎಚ್ 7.2ರ ಫಾಸ್ಫೇಟ್ ಬಫರಿನಲ್ಲಿ ಕರ್ಕ್ಯುಮಿನ್ ಅರ್ಧ ಗಂಟೆಯಲ್ಲಿ ನೂರಕ್ಕೆ ಸುಮಾರು 90 ಭಾಗ ಒಡೆದುಹೋಗುತ್ತದೆ ಎಂದು 1997ರಲ್ಲೇ ತೋರಿಸಲಾಗಿದೆ. ಹೊರಬಂದ ಔಷಧ ಓದುವ ಮುಂಚೆಯೇ ಮಾಯ. ರೇಖೆ ತುಸು ಏರಿ ಇಳಿಯತೊಡಗುತ್ತದೆ. ಒಟ್ಟು ಬಿಡುಗಡೆ ಎಂಬುದು ಇಳಿಯಲು ಸಾಧ್ಯವೇ ಇಲ್ಲ. ಇಳಿದರೆ ಅಣು ಸಾಯುತ್ತಿದೆ, ಇಲ್ಲವೇ ಪಾತ್ರೆಯ ಗೋಡೆಗೋ ಮಣಿಗೋ ಮರಳಿ ಅಂಟುತ್ತಿದೆ. ದ್ರವಕ್ಕೆ ಮದ್ಯಸಾರ ಅಥವಾ ಸಾಬೂನಿನ ಗುಣದ ಪದಾರ್ಥ ಬೆರೆಸಿ ಇದನ್ನು ತಡೆಯುತ್ತಾರೆ. ಅದಕ್ಕಿಂತ ಗಟ್ಟಿಯಾದ ಪರೀಕ್ಷೆ ಕೊನೆಯಲ್ಲಿ ಲೆಕ್ಕ ಮುಗಿಸುವುದು: ಹೊರಬಂದದ್ದು, ಒಳಗೆ ಉಳಿದದ್ದು ಎರಡೂ ಸೇರಿ ಮೊದಲು ತುಂಬಿದ್ದಕ್ಕೆ ಸಮವಾಗಬೇಕು. ಈ ಒಂದು ಸಾಲು ಇಲ್ಲದ ಬಿಡುಗಡೆ ಅಧ್ಯಯನವನ್ನು ಅರ್ಧ ಮುಗಿದ ಕೆಲಸ ಎಂದೇ ಓದಬೇಕು.

ರೇಖೆಯಿಂದ ಸಮೀಕರಣಕ್ಕೆ

ಬಿಡುಗಡೆಯ ಅಂಕಿಗಳನ್ನು ಸಮೀಕರಣಗಳಿಗೆ ಹೊಂದಿಸುವ ಪದ್ಧತಿ ಇದೆ. ಮುಲಾಮಿನಂಥ ಪದರದಿಂದ ಔಷಧ ಕಾಲದ ವರ್ಗಮೂಲಕ್ಕೆ ತಕ್ಕಂತೆ ಹೊರಬರುತ್ತದೆ ಎಂದು ಹಿಗುಚಿ 1961ರಲ್ಲಿ ತೋರಿಸಿದರು. 1983ರಲ್ಲಿ ಕೋರ್ಸ್‌ಮೇಯರ್, ಪೆಪಾಸ್ ಮತ್ತವರ ಸಂಗಡಿಗರು ಕಾಲದ ಒಂದು ಘಾತಕ್ಕೆ ಬಿಡುಗಡೆಯನ್ನು ಜೋಡಿಸಿದರು. ಆ ಘಾತಾಂಕ ಗೋಳಾಕಾರದ ಮಣಿಗೆ 0.43ರ ಹತ್ತಿರ ಬಂದರೆ ಔಷಧ ಬರೀ ವಿಸರಣೆಯಿಂದ ಬರುತ್ತಿದೆ, 0.85ರ ಹತ್ತಿರ ಬಂದರೆ ಪಾಲಿಮರ್ ಊದಿ ಸಡಿಲಾಗುವುದೇ ವೇಗವನ್ನು ನಿರ್ಧರಿಸುತ್ತಿದೆ ಎಂದು ತಿಳಿಯುತ್ತಾರೆ. ಈ ಸಮೀಕರಣ ಮೊದಲ 60 ಶೇಕಡಾ ಬಿಡುಗಡೆಗಷ್ಟೇ ಸಲ್ಲುತ್ತದೆ. ಒಂದೇ ದತ್ತಾಂಶಕ್ಕೆ ಐದು ಮಾದರಿ ಹೊಂದಿಸಿ, ಯಾವುದರ ಹೊಂದಿಕೆಯ ಅಂಕಿ 0.99 ಬಂತೋ ಅದನ್ನೇ ಔಷಧ ಹೊರಬರುವ ಕಾರಣ ಎಂದು ಬರೆಯುವ ಅಭ್ಯಾಸ ಸ್ನಾತಕೋತ್ತರ ಪ್ರಬಂಧಗಳಲ್ಲಿ ವ್ಯಾಪಕವಾಗಿದೆ. ಖಾಲಿ ಮಣಿಯ ಓದು ಕಳೆಯದ ದತ್ತಾಂಶವೂ ಯಾವುದಾದರೊಂದು ಸಮೀಕರಣಕ್ಕೆ ಚೆನ್ನಾಗಿಯೇ ಹೊಂದುತ್ತದೆ.

ಕಣಿವೆಯ ಸುತ್ತಿನ ಕಚ್ಚಾವಸ್ತು

ತೇನಿ ಜಿಲ್ಲೆಯ ಹನುಮಂತನಪಟ್ಟಿಯಲ್ಲಿ ನಿಂತು ನೋಡಿದರೆ ಮಣಿ, ಹಾಳೆಗಳಿಗೆ ಬೇಕಾದ ಈ ಪದಾರ್ಥಗಳಲ್ಲಿ ಹಲವು ಸುತ್ತಲೇ ಇವೆ. ಕಂಬಂ ಕಣಿವೆಯ ಕಪ್ಪಿಲಿಯರ್ ಸಮುದಾಯದ ಮನೆಗಳಲ್ಲಿ ಕನ್ನಡ ತಲೆಮಾರುಗಳಿಂದ ಆಡುಮಾತಾಗಿ ಉಳಿದುಬಂದಿದೆ. ಆ ಮನೆಗಳ ಮಕ್ಕಳು ಔಷಧ ವಿಜ್ಞಾನ ಓದಲು ಮಧುರೈಗೋ ದಿಂಡಿಗಲ್ಲಿಗೋ ಹೋದಾಗ ಕೈಗೆ ಸಿಗುವ ಆಲ್ಜಿನೇಟ್, ಅಗರ್, ಕೊಲಾಜೆನ್‌ಗಳ ಮೂಲ ದೂರದ್ದಲ್ಲ. ಮನ್ನಾರ್ ಕೊಲ್ಲಿಯ ಕರಾವಳಿಯಲ್ಲಿ, ರಾಮೇಶ್ವರದ ಆಸುಪಾಸಿನ ಹೆಂಗಸರು ನೀರಿಗೆ ಮುಳುಗಿ ಕೀಳುವ ಸರ್ಗಾಸಮ್, ಟರ್ಬಿನೇರಿಯ ಪಾಚಿಗಳಿಂದ ಆಲ್ಜಿನೇಟ್ ತೆಗೆಯುತ್ತಾರೆ. ಜೆಲಿಡಿಯೆಲ್ಲಾ, ಗ್ರಾಸಿಲೇರಿಯಗಳಿಂದ ಅಗರ್ ತೆಗೆಯುವ ಘಟಕಗಳು ಮಧುರೈ ಸುತ್ತ ಇವೆ. ದಿಂಡಿಗಲ್ಲು ಚರ್ಮ ಹದಮಾಡುವ ಊರು. ಚರ್ಮದ ಮೈಯೆಲ್ಲ ಕೊಲಾಜೆನ್. ಪಾಚಿಯಿಂದ ಬಂದ ಆಲ್ಜಿನೇಟ್ ಕೊಯ್ಲಿನಿಂದ ಕೊಯ್ಲಿಗೆ ಬದಲಾಗುತ್ತದೆ, ಅದರ ಬಣ್ಣದ ಕಶ್ಮಲವೂ ಬದಲಾಗುತ್ತದೆ. ಆ ಕಶ್ಮಲ ನೇರಳಾತೀತದಲ್ಲಿ ಬೆಳಕು ಹೀರುವಂಥದ್ದು. ಹೊಸ ಚೀಲ ಬಿಚ್ಚಿದರೆ ಹೊಸ ಖಾಲಿ ಮಣಿ ಮಾಡಿಕೊಳ್ಳಲೇಬೇಕು.

ದಿಂಡಿಗಲ್ ಬಳಿಯ ಗಾಂಧಿಗ್ರಾಮದ ಗ್ರಾಮೀಣ ಸಂಸ್ಥೆ 1956ರಲ್ಲಿ ಶುರುವಾದದ್ದು. ಅದರ ರಸಾಯನಶಾಸ್ತ್ರ ವಿಭಾಗದಲ್ಲಿ ವಿಶ್ವನಾಥನ್, ಮೀನಾಕ್ಷಿ ಮತ್ತಿತರರು 2009ರ ಸುಮಾರಿಗೆ ಕೈಟೋಸಾನ್ ಮಣಿಗಳನ್ನು ರಾಸಾಯನಿಕವಾಗಿ ಮಾರ್ಪಡಿಸಿ ಕುಡಿಯುವ ನೀರಿನ ಫ್ಲೋರೈಡ್ ಹೀರಿಸುವ ಕೆಲಸ ಪ್ರಕಟಿಸಿದರು. ಮಣಿ ಅದೇ ಕುಲದ್ದು, ದಿಕ್ಕು ಮಾತ್ರ ತಿರುವುಮುರುವು: ಧಾರವಾಡದಲ್ಲಿ ಮಣಿ ಕೊಡುತ್ತದೆ, ಗಾಂಧಿಗ್ರಾಮದಲ್ಲಿ ಮಣಿ ತೆಗೆದುಕೊಳ್ಳುತ್ತದೆ. ಎರಡರಲ್ಲೂ ಪ್ರಶ್ನೆ ಒಂದೇ, ಈ ಹೊತ್ತಿಗೆ ನೀರಿನಲ್ಲಿ ಎಷ್ಟಿದೆ?

ಬಣ್ಣವಿಲ್ಲದ ಔಷಧ

ಫ್ಲೋರೈಡ್ ಬೆಳಕು ಹೀರುವುದಿಲ್ಲ. ಅದನ್ನು ಯುವಿ ಯಂತ್ರಕ್ಕೆ ಕಾಣಿಸಬೇಕಾದರೆ ಅಡ್ಡದಾರಿ ಹಿಡಿಯಬೇಕು: ಜಿರ್ಕೋನಿಯಂ ಸೇರಿ ಕೆಂಪಾದ ಸ್ಪ್ಯಾಡ್ನ್ಸ್ ಎಂಬ ಬಣ್ಣಕ್ಕೆ ಆ ನೀರು ಬೆರೆಸಿದರೆ ಫ್ಲೋರೈಡ್ ಜಿರ್ಕೋನಿಯಂ ಅನ್ನು ಕಿತ್ತುಕೊಳ್ಳುತ್ತದೆ, ಬಣ್ಣ ಮಾಸುತ್ತದೆ, ಮಾಸಿದ ಪ್ರಮಾಣವನ್ನು 570 ನ್ಯಾನೋಮೀಟರಿನಲ್ಲಿ ಓದುತ್ತಾರೆ. ಕೆಲವು ಔಷಧಗಳಿಗೂ ಇದೇ ಗತಿ. ಜೆಂಟಾಮೈಸಿನ್ ಸಕ್ಕರೆಯಂಥ ಉಂಗುರಗಳಿಗೆ ಅಮೈನ್ ಗುಂಪುಗಳು ಅಂಟಿಕೊಂಡ ಅಣು. ಜೋಡಿಬಂಧಗಳ ಸಾಲು ಅದಕ್ಕಿಲ್ಲ, ಬೆಂಜೀನ್ ಉಂಗುರವೂ ಇಲ್ಲ. 1970ರಲ್ಲಿ ಹ್ಯಾಂಬರ್ಗಿನ ಬುಖೋಲ್ಜ್ ಮತ್ತು ಎಂಗೆಲ್‌ಬ್ರೆಖ್ಟ್ ಮೂಳೆಯ ಸಿಮೆಂಟಿಗೆ ಜೀವಿರೋಧಕ ಬೆರೆಸುವ ಕ್ರಮವನ್ನು ವರದಿ ಮಾಡಿದ ಮೇಲೆ ಆ ಕೆಲಸಕ್ಕೆ ಹೆಚ್ಚು ನಚ್ಚಿಕೊಂಡದ್ದು ಈ ಔಷಧವನ್ನೇ, ಬಿಸಿ ತಾಳುತ್ತದೆ ಎಂಬ ಕಾರಣಕ್ಕೆ. ಅದು ಸಿಮೆಂಟಿನಿಂದ ಮೊದಲ ಗಂಟೆಗಳಲ್ಲಿ ಉಕ್ಕಿ ಬಂದು, ಆಮೇಲೆ ಜಿನುಗಿ, ಬಹುಪಾಲು ಒಳಗೇ ಉಳಿಯುತ್ತದೆ. ಆ ಜಿನುಗನ್ನು ಅಳೆಯಲು ಆರ್ಥೋ-ಥ್ಯಾಲಾಲ್ಡಿಹೈಡಿನ ಜೊತೆ ಅದರ ಅಮೈನ್‌ಗಳನ್ನು ಕೂಡಿಸಿ, ಹುಟ್ಟಿದ ಹೊಸ ಅಣುವನ್ನು ಸುಮಾರು 332 ನ್ಯಾನೋಮೀಟರಿನಲ್ಲಿ ಓದುತ್ತಾರೆ.

ಸಿಮೆಂಟಿನಲ್ಲಿ ಅಮೈನ್ ಗುಂಪುಗಳ ಗೊಂದಲ ಅಷ್ಟಿಲ್ಲ, ಲೆಕ್ಕ ಕೂಡುತ್ತದೆ. ಅದೇ ಜೆಂಟಾಮೈಸಿನ್ ಅನ್ನು ಕೈಟೋಸಾನ್ ಮಣಿಗೋ ಕೊಲಾಜೆನ್ ಹಾಳೆಗೋ ತುಂಬಿದರೆ ವಸ್ತುವಿನದೇ ಅಮೈನ್‌ಗಳು ಸಾಲುಗಟ್ಟಿ ಬಂದು ಆ ಕ್ರಿಯೆಯಲ್ಲಿ ಭಾಗವಹಿಸುತ್ತವೆ. ಕರಗಿದ ಕೈಟೋಸಾನೂ ಕರಗಿದ ಚರ್ಮದ ತುಣುಕೂ ಔಷಧದ ವೇಷ ಹಾಕುತ್ತವೆ. ಅಲ್ಲಿ ಖಾಲಿ ಹಾಳೆಯನ್ನು ಪಕ್ಕದ ಪಾತ್ರೆಯಲ್ಲಿ ಇಟ್ಟು, ಪ್ರತಿ ಸಲ ಮಾದರಿ ತೆಗೆದಾಗಲೂ ಅದರ 2 ಮಿಲಿಲೀಟರಿಗೂ ಅದೇ ಆರ್ಥೋ-ಥ್ಯಾಲಾಲ್ಡಿಹೈಡ್ ಬೆರೆಸಿ, ಅಷ್ಟೇ ನಿಮಿಷ ಕಾದು, ಎರಡು ಕುವೆಟ್ಟುಗಳನ್ನು ಒಂದರ ಪಕ್ಕ ಒಂದು ಇಟ್ಟು ಓದುತ್ತಾರೆ.